ಡಿ ವಿಭಾಗಕ್ಕೆ ಇಪ್ಪತ್ತೆರಡು ಅಂಕ

ಜೂನ್ 3, ಸೋಮವಾರ. ಬೆಳಿಗ್ಗೆ 10.30

ಎ ವಿಭಾಗದ ಪರಿಶೀಲನೆ ಮುಗಿಯಿತು. ನೂರಕ್ಕೆ ನಲವತ್ತೆಂಟು.

ಸಂಗ್ರಹ ದೊಡ್ಡದು, ಅಲಂಕಾರ ಅದಕ್ಕಿಂತ ದೊಡ್ಡದು. ಆದರೆ ಕನ್ನಡ ಚಿತ್ರಕ್ಕೂ ಕೆಳಗೆ ಬರುವ ಸಬ್‌ಟೈಟಲ್ ಇಂಗ್ಲಿಷಿನದು. ನಮಗೆ ಬೇಕಾದದ್ದು ಕನ್ನಡ. ಇನ್ನೊಂದು ದೋಷ: ಒಂದು ಕಂತು ಮುಗಿದ ಐದೇ ಸೆಕೆಂಡಿಗೆ, ಕೇಳದೆ ಹೇಳದೆ, ಮುಂದಿನದು ಶುರು. ಮಕ್ಕಳಿಗೆ ಅರ್ಥವಾಯಿತೇ ಎಂದು ನೋಡದೆ ಮುಂದಿನ ಪಾಠಕ್ಕೆ ಹಾರುವ ಉಪಾಧ್ಯಾಯರನ್ನು, ಮುಖ್ಯೋಪಾಧ್ಯಾಯಿನಿಯಾಗಿದ್ದ ಹನ್ನೊಂದು ವರ್ಷದಲ್ಲಿ, ನಾನು ಸಹಿಸಿದವಳಲ್ಲ. ಈಗಲೂ ಸಹಿಸಲಿಲ್ಲ.

ತಂಗಿಯ ಮಗಳು ಇಂಟರ್ನೆಟ್ ಮೂಲಕ ಸಿನಿಮಾ ತೋರಿಸುವ ಇಂಥ ನಾಲ್ಕು ಸೇವೆಗಳನ್ನು ಟೀವಿಗೆ ಹಾಕಿಕೊಟ್ಟಿದ್ದಾಳೆ. ನಾಲ್ಕರ ಹೆಸರೂ ನಾಲಿಗೆಗೆ ಹೊಂದುವಂಥದ್ದಲ್ಲ. ಎ, ಬಿ, ಸಿ, ಡಿ ವಿಭಾಗ ಎಂದು ಕರೆಯುತ್ತೇನೆ. ‘ದೊಡ್ಡಮ್ಮ, ನಾಲ್ಕನ್ನೂ ನೋಡಿ. ಅಮ್ಮನಿಗೆ ಯಾವುದು ಸರಿಹೋಗುತ್ತೋ ಅದೊಂದನ್ನ ಇಟ್ಕೊಳ್ಳೋಣ. ಜುಲೈ ಕೊನೆವರೆಗೆ ಟೈಮಿದೆ’ ಎಂದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಎಲ್ಲವನ್ನೂ ‘ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ’ ಎಂದೇ ನಿರ್ಧರಿಸುವ ಅಭ್ಯಾಸ.

ಗೆರೆ ಎಳೆದು ಅಂಕಪಟ್ಟಿ ಮಾಡಿಕೊಂಡಿದ್ದೇನೆ. ಸಂಗ್ರಹಕ್ಕೆ ಇಪ್ಪತ್ತು, ಸಬ್‌ಟೈಟಲಿಗೆ ನಲವತ್ತು, ನಿಲ್ಲಿಸುವ ಮತ್ತು ಹಿಂದಕ್ಕೆ ಹೋಗುವ ಅನುಕೂಲಕ್ಕೆ ಇಪ್ಪತ್ತು, ಅಡಚಣೆ ಇಲ್ಲದಿರುವುದಕ್ಕೆ ಇಪ್ಪತ್ತು.

ತಂಗಿ ಪಟ್ಟಿಯನ್ನು ಎಡಗೈಯಲ್ಲಿ ಎತ್ತಿ ನೋಡಿ ನಕ್ಕಳು. ನಗಲು ಅಡ್ಡಿಯಿಲ್ಲ ಅವಳಿಗೆ. ಮಾತು ಮಾತ್ರ ಹೋಗಿದೆ.


ಜೂನ್ 5, ಬುಧವಾರ. ಮಧ್ಯಾಹ್ನ

ಆಸ್ಪತ್ರೆಯಿಂದ ಬಂದು ಕುಳಿತೆ.

ನವೆಂಬರಿನಲ್ಲಿ ಪಾರ್ಶ್ವವಾಯು ಬಡಿದಾಗಿನಿಂದ ತಂಗಿಗೆ ಉಳಿದ ಪದಗಳು ಮೂರು. ‘ಹೂಂ’, ‘ಬೇಡ’, ‘ಅದೇ’. ಎಲ್ಲ ಅರ್ಥವಾಗುತ್ತದೆ. ಓದುತ್ತಾಳೆ. ಹೇಳಬೇಕೆಂದರೆ ಬಾಯಿಗೆ ಬಾರದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಕಿವಿಗೆ ತಂತಿ ಸಿಕ್ಕಿಸಿಕೊಂಡು ಊರವರ ಮಾತನ್ನೆಲ್ಲ ಊರವರಿಗೆ ಮುಟ್ಟಿಸಿದವಳು. ಮನೆಗೆ ಬಂದ ಮೇಲೂ ಬಾಯಿಗೆ ಬೀಗವಿರಲಿಲ್ಲ. ಒಂದೇ ಸಿನಿಮಾವನ್ನು ಏಳು ಸಲ ನೋಡಿ ಬಂದು, ಏಳು ಸಲವೂ ನನಗೆ ಕತೆ ಹೇಳಿದವಳು. ‘ಸ್ವಲ್ಪ ಸುಮ್ಮನಿರು’ ಎಂದು ನಾನು ಎಷ್ಟು ಸಾವಿರ ಸಲ ಅಂದಿದ್ದೇನೋ.

ಮಾತಿನ ಚಿಕಿತ್ಸೆ ಮಾಡುವಾಕೆ ಚಿಕ್ಕ ವಯಸ್ಸಿನವಳು, ತಾಳ್ಮೆ ದೊಡ್ಡದು. ಇಂದು ಕೀಲಿಕೈಯ ಚಿತ್ರ ತೋರಿಸಿದಳು. ತಂಗಿ ‘ಅದೇ… ಅದೇ…’ ಎಂದು ಗಾಳಿಯಲ್ಲಿ ಬೀಗ ತಿರುಗಿಸಿದಳು. ನನಗೆ ತಡೆಯಲಾಗಲಿಲ್ಲ. ‘ಕೀ…’ ಎಂದುಬಿಟ್ಟೆ.

‘ಮಿಸ್, ನೀವು ಹೇಳ್ಕೊಡಬಾರದು.’

‘ಹೇಳಿಕೊಡುವುದೇ ನನ್ನ ಕೆಲಸವಾಗಿತ್ತು.’

‘ಗೊತ್ತು ಮಿಸ್. ಅದಕ್ಕೇ ಹೇಳ್ತಿದ್ದೀನಿ.’

ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ದ್ರೋಹಿ.

ಆಮೇಲೆ ಆಕೆ ನನ್ನನ್ನು ಹೊರಗೆ ಕರೆದು ಹೇಳಿದ್ದು, ದಾಖಲೆಗಾಗಿ: ಜುಲೈ 31ಕ್ಕೆ ಪರೀಕ್ಷೆ. ‘ಕೇಳಿ ಒಪ್ಪಿಸಿದ ಮಾತಲ್ಲ ಮಿಸ್, ತಾನೇ ಕಟ್ಟಿದ ಒಂದು ವಾಕ್ಯ. ಒಂದು ಬಂದ್ರೂ ಸಾಕು, ಇನ್ನಾರು ತಿಂಗಳ ಚಿಕಿತ್ಸೆಗೆ ನಾನು ಬರ್ಕೊಡ್ತೀನಿ. ಬರ್ಲಿಲ್ಲ ಅಂದ್ರೆ ಈ ಕುರ್ಚಿ ಬೇರೆಯವರಿಗೆ ಬಿಡ್ಬೇಕು. ಕಾಯ್ತಿರೋರು ತುಂಬ ಜನ ಇದ್ದಾರೆ.’ ಮೊದಲ ವರ್ಷದಲ್ಲಿ ಬಂದಷ್ಟು ಆಮೇಲೆ ಬರುವುದಿಲ್ಲವಂತೆ.

ಸಿನಿಮಾ ಇಷ್ಟವೆಂದರೆ ಸಿನಿಮಾವೇ ಆಗಲಿ ಎಂದಳು. ದಿನಕ್ಕೊಂದು ಗಂಟೆ. ಕೇಳುವ ಮಾತೇ ಕೆಳಗೆ ಅಕ್ಷರದಲ್ಲಿ ಬರಬೇಕು. ಮಾತು ಮುಗಿಯುವ ಮುನ್ನ ನಿಲ್ಲಿಸಿ, ಕಾಯಬೇಕು. ಉಳಿದದ್ದನ್ನು ಅವಳೇ ತುಂಬಬೇಕು.

ಬಿಟ್ಟ ಸ್ಥಳ ತುಂಬಿಸುವುದು. ನನಗೆ ಇದಕ್ಕಿಂತ ಪರಿಚಿತವಾದ ಕೆಲಸ ಜಗತ್ತಿನಲ್ಲಿಲ್ಲ.


ಜೂನ್ 8, ಶನಿವಾರ. ಸಂಜೆ 5

ಬಿ ವಿಭಾಗ. ಮೂವತ್ತೊಂದು. ಕೃಪಾಂಕ ಸೇರಿ.

ಕನ್ನಡ ಸಬ್‌ಟೈಟಲ್ ಇದೆ, ನಿಜ. ಆದರೆ ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು. ಬಸ್ಸಿನ ಹಿಂದೆ ಓಡುವ ಹುಡುಗಿ ‘ತಡೀರಿ, ಬಂದೆ’ ಎನ್ನುತ್ತಾಳೆ. ಕೆಳಗೆ: ‘ದಯವಿಟ್ಟು ನಿರೀಕ್ಷಿಸಿರಿ, ನಾನು ಆಗಮಿಸುತ್ತಿರುವೆನು.’ ಅಷ್ಟು ಹೇಳುವ ಹೊತ್ತಿಗೆ ಬಸ್ಸು ಊರು ದಾಟಿರುತ್ತದೆ. ಶುದ್ಧ ಭಾಷೆಯ ಪಕ್ಷದವಳು ನಾನು. ಆದರೂ ಓಡುವಾಗ ಹೀಗೆ ಮಾತಾಡುವವರನ್ನು ಕಂಡಿಲ್ಲ.

ಕೆಂಪು ಪೆನ್ನು ಹಿಡಿದು ಕುಳಿತೆ. ಒಂದು ಚಿತ್ರಕ್ಕೆ ನಲವತ್ತೊಂದು ದೋಷ. ಅಷ್ಟರಲ್ಲಿ ಚಿತ್ರ ಏನೆಂಬುದೇ ತಪ್ಪಿಹೋಯಿತು. ತಂಗಿ ಒಮ್ಮೆ ಅಕ್ಷರ ನೋಡಿ, ಒಮ್ಮೆ ನಟಿಯ ತುಟಿ ನೋಡಿ, ಕಣ್ಣು ಮುಚ್ಚಿಕೊಂಡಳು. ಇದ್ದ ಪದವೂ ಗಲಿಬಿಲಿಯಾಗುತ್ತದೆ. ಬೇಡ.


ಜೂನ್ 12, ಬುಧವಾರ

ಸಿ ವಿಭಾಗ. ಎಂಬತ್ತೊಂದು!

ಆಡಿದ ಮಾತೇ ಅಕ್ಷರದಲ್ಲಿ. ವೇಗ ತಗ್ಗಿಸಬಹುದು. ಒಂದು ಗುಂಡಿ ಒತ್ತಿದರೆ ಹತ್ತು ಸೆಕೆಂಡು ಹಿಂದೆ. ನಡುನಡುವೆ ಜಾಹೀರಾತು ನುಗ್ಗುವುದಕ್ಕೆ ಎಂಟು ಅಂಕ ಕಳೆದೆ. ಉಳಿದಂತೆ ಮೊದಲ ಬೆಂಚಿನ ಹುಡುಗಿ.

ಚಿಕಿತ್ಸೆಯಾಕೆಯೂ ಪಟ್ಟಿ ನೋಡಿ ತಲೆಯಾಡಿಸಿದಳು. ‘ಇಷ್ಟು ನೀಟಾಗಿ ಯಾರೂ ತಂದುಕೊಟ್ಟಿಲ್ಲ ಮಿಸ್.’ ಸುಳ್ಳು ಹೇಳಿಕೊಳ್ಳುವುದಿಲ್ಲ, ಸಂತೋಷವಾಯಿತು.

ಡಿ ವಿಭಾಗ ನೋಡುವ ಅಗತ್ಯವೇ ಇಲ್ಲ ಅನ್ನಿಸುತ್ತಿದೆ. ಆದರೂ ನೋಡದೆ ಅಂಕ ಕೊಡುವುದು ನನ್ನ ಪದ್ಧತಿಯಲ್ಲ.


ಜೂನ್ 13, ಗುರುವಾರ. ಸಂಜೆ

ಡಿ ವಿಭಾಗ: ಇಪ್ಪತ್ತೆರಡು.

ಇಂಟರ್ನೆಟ್ ಸಂಪರ್ಕದ ಜೊತೆ ಪುಕ್ಕಟೆಯಾಗಿ ಬಂದದ್ದಂತೆ, ಪುಕ್ಕಟೆಯಂತೆಯೇ ಇದೆ. ಎಲ್ಲ ಹಳೆಯ ಕಪ್ಪುಬಿಳುಪು ಚಿತ್ರಗಳು. ಸಬ್‌ಟೈಟಲ್ ಎಂಬುದೇ ಇಲ್ಲ: ನಲವತ್ತಕ್ಕೆ ಸೊನ್ನೆ. ಎಲ್ಲಕ್ಕಿಂತ ಮುಖ್ಯವಾಗಿ, ನಿಲ್ಲುತ್ತದೆ. ಮಾತಿನ ಮಧ್ಯೆ, ಹಾಡಿನ ಮಧ್ಯೆ, ಕಪಾಳಕ್ಕೆ ಎತ್ತಿದ ಕೈ ಕಪಾಳ ಮುಟ್ಟುವ ಮೊದಲು. ನಡುವೆ ಒಂದು ಚಕ್ರ ಗಿರಗಿರ ತಿರುಗುತ್ತದೆ. ಉಳಿದ ಮೂರು ಮುಂದಿನದನ್ನು ಮೊದಲೇ ತುಂಬಿಕೊಂಡಿರುತ್ತವಂತೆ. ಇದು ಆಯಾ ಹೊತ್ತಿನ ತುತ್ತು ಆಯಾ ಹೊತ್ತಿಗೆ ಹುಡುಕಿಕೊಳ್ಳುವ ಜಾತಿ. ನಮ್ಮ ತಂತಿಯಲ್ಲೂ ದೋಷವಿದೆ ಎಂದಳು ತಂಗಿಯ ಮಗಳು.

ತಂತಿ ಕಂಪನಿಗೆ ಲಿಖಿತ ದೂರು ಬರೆದೆ. ಎರಡು ಪುಟ. ವಿಷಯ, ಉಲ್ಲೇಖ, ವಿವರ, ಕೋರಿಕೆ. ಇಂಥ ಪತ್ರ ಅವರ ಕಚೇರಿಗೆ ಬಂದು ಬಹಳ ಕಾಲವಾಗಿರಬೇಕು. ಕಲಿಯಲಿ.


ಜೂನ್ 15, ಶನಿವಾರ. ಬೆಳಿಗ್ಗೆ 11

ಸಿ ವಿಭಾಗದಲ್ಲಿ ಮೂರನೆಯ ದಿನದ ಅಭ್ಯಾಸ. ಫಲಿತಾಂಶ: ಶೂನ್ಯ.

ಕ್ರಮ ತಪ್ಪಿಲ್ಲ. ಸುಲಭದ ವಾಕ್ಯ ಮೊದಲೇ ಗುರುತು ಹಾಕಿಟ್ಟುಕೊಳ್ಳುತ್ತೇನೆ. ಕೊನೆಯ ಪದಕ್ಕೆ ಮೊದಲು ನಿಲ್ಲಿಸುತ್ತೇನೆ. ಅವಳ ಕಡೆ ತಿರುಗುತ್ತೇನೆ. ಕಾಯುತ್ತೇನೆ. ಅವಳು ನನ್ನನ್ನು ನೋಡುತ್ತಾಳೆ. ತುಟಿ ಅಲುಗುತ್ತದೆ. ಕತ್ತಿನ ನರ ಬಿಗಿಯುತ್ತದೆ. ‘ಅದೇ…’ ಅಷ್ಟೆ.

ತಂಗಿಯ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

‘ದೊಡ್ಡಮ್ಮ, ಬೇಜಾರ್ ಮಾಡ್ಕೋಬೇಡಿ. ನೀವು ಹಾಗೆ ತಿರುಗಿ ನೋಡಿದ್ರೆ ನಂಗೇ ನನ್ ಹೆಸರು ಮರೆತುಹೋಗುತ್ತೆ.’

‘ನಾನು ಪ್ರೀತಿಯಿಂದಲೇ ನೋಡುತ್ತಿದ್ದೇನೆ.’

‘ಗೊತ್ತು. ಆ ಪ್ರೀತಿಗೆ ಕನ್ನಡಕ ಬೇರೆ ಇದೆಯಲ್ಲ.’

ಕನ್ನಡಕ ತೆಗೆದು ಪ್ರಯತ್ನಿಸಿದೆ. ಆಗ ತಂಗಿಯ ಮುಖವೇ ಕಾಣದು. ನಿಲ್ಲಿಸಬೇಕಾದ ಗುಂಡಿಯ ಬದಲು ಧ್ವನಿ ಹೆಚ್ಚಿಸುವ ಗುಂಡಿ ಒತ್ತಿದೆ. ಮೇಲಿನ ಮನೆಯವರು ನೆಲ ಕುಟ್ಟಿದರು.


ಜೂನ್ 18, ಮಂಗಳವಾರ

ಇಂದು ತಂಗಿ ರಿಮೋಟನ್ನು ಮೇಜಿನಿಂದ ತಳ್ಳಿಬಿಟ್ಟಳು. ಬೀಳಿಸಿದ್ದಲ್ಲ, ತಳ್ಳಿದ್ದು. ಎಡಗೈಯಿಂದ, ನಿಧಾನವಾಗಿ, ನನ್ನನ್ನೇ ನೋಡುತ್ತ.

‘ಒಂದೇ ಪದ. ಒಂದು ಪದ ಹೇಳು, ಇವತ್ತಿಗೆ ಬಿಡುತ್ತೇನೆ’ ಎಂದಿದ್ದೆ. ಐದನೆಯ ಸಲ ಹೇಳಿದ್ದೆನೇನೋ.

‘ಬೇಡ.’

ಅದು ಇದ್ದ ಮೂರು ಪದಗಳಲ್ಲಿ ಒಂದು. ಅಂಕ ಕೊಡುವಂಥದ್ದಲ್ಲ. ಆದರೆ ಏಳು ತಿಂಗಳಲ್ಲಿ ಅಷ್ಟು ಸ್ಪಷ್ಟವಾಗಿ ಅವಳು ಏನನ್ನೂ ಹೇಳಿರಲಿಲ್ಲ.


ಜೂನ್ 27, ಗುರುವಾರ. ಮಧ್ಯಾಹ್ನ 3.30

ಒಂಬತ್ತು ದಿನ ಟೀವಿ ಹಚ್ಚಲಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಅವಳು ಕಿಟಕಿಯ ಬಳಿ, ನಾನು ಮೇಜಿನ ಬಳಿ. ಇಬ್ಬರಿಗೂ ಮಾತಿಲ್ಲ. ಅವಳಿಗೆ ಬರುವುದಿಲ್ಲ, ನನಗೆ ಏನು ಆಡಬೇಕೆಂದು ತಿಳಿಯದು. ನಿನ್ನೆಯ ಬುಧವಾರ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಕೆ ಏನೂ ಕೇಳಲಿಲ್ಲ, ನನ್ನ ಚೀಲದಲ್ಲಿದ್ದ ಅಂಕಪಟ್ಟಿಯನ್ನು ನಾನೂ ಹೊರತೆಗೆಯಲಿಲ್ಲ.

ಇಂದು ನಾನು ವೃತ್ತಪತ್ರಿಕೆ ಓದುತ್ತಿದ್ದಾಗ ಅವಳೇ ರಿಮೋಟ್ ಎತ್ತಿಕೊಂಡಳು. ಎಡಗೈ ಹೆಬ್ಬೆರಳಿನಿಂದ ಹುಡುಕಿ ಹುಡುಕಿ… ಡಿ ವಿಭಾಗ. ಬಾಯಿ ತೆರೆದವಳು ಮುಚ್ಚಿಕೊಂಡೆ. ಪತ್ರಿಕೆಯಲ್ಲೇ ಕಣ್ಣಿಟ್ಟೆ.

ಹಳೆಯ ಚಿತ್ರ. ದರ್ಜಿಯೊಬ್ಬ ಹೆಂಡತಿಯ ಜೊತೆ ಜಗಳವಾಡಿ ಪೆಟ್ಟಿಗೆ ಹೊತ್ತು ಹೊರಡುತ್ತಾನೆ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳುತ್ತಾಳೆ:

‘ಹೋಗೋದಾದ್ರೆ ಹೋಗು. ಬಾಗಿಲು ಮಾತ್ರ…’

ನಿಂತುಹೋಯಿತು. ಚಕ್ರ ತಿರುಗತೊಡಗಿತು.

‘ಹಾಕ್ಕೊಂಡು ಹೋಗು.’

ನಾನು ಪತ್ರಿಕೆ ಇಳಿಸಲಿಲ್ಲ. ಟೀವಿ ಎಂದುಕೊಂಡೆ. ಅಂಚಿನಿಂದ ಇಣುಕಿದರೆ ಟೀವಿ ನಿಂತೇ ಇತ್ತು. ಹೆಂಡತಿಯ ಬಾಯಿ ಅರ್ಧ ತೆರೆದು ಹಾಗೇ ಇತ್ತು.

ತಂಗಿ ಟೀವಿಯನ್ನೇ ನೋಡುತ್ತಿದ್ದಳು. ತಾನು ಮಾತಾಡಿದ್ದು ತನಗೇ ಗೊತ್ತಿಲ್ಲದವಳ ಹಾಗೆ.

ಚಕ್ರ ನಿಂತಿತು. ಹೆಂಡತಿ ಹೇಳಿದಳು: ‘ಹಾಕ್ಕೊಂಡು ಹೋಗು.’

ಪತ್ರಿಕೆ ತಲೆಕೆಳಗಾಗಿ ಹಿಡಿದಿದ್ದೆ ಎಂದು ಆಮೇಲೆ ಗೊತ್ತಾಯಿತು.


ಜೂನ್ 30, ಭಾನುವಾರ

ನಾಲ್ಕು ದಿನದ ಲೆಕ್ಕ. ನಿಂತದ್ದು ಇಪ್ಪತ್ತಾರು ಸಲ. ತಂಗಿ ತುಂಬಿದ್ದು ಒಂಬತ್ತು ಸಲ. ‘ಹೇಳಿಬಿಡ್ತೀನಿ.’ ‘ಇಲ್ಲೇ ಇದ್ದೀನಿ.’ ‘ಅಪ್ಪನಿಗೆ ಗೊತ್ತಾದ್ರೆ…’ ನಿನ್ನೆ ಒಂದಕ್ಕೆ ಇಡೀ ಎರಡು ಸಾಲು.

ಯೋಚಿಸಿ ನೋಡಿದೆ. ನಾನು ನಿಲ್ಲಿಸಿದಾಗ ನಿಲ್ಲಿಸಿದವಳು ನಾನು; ಉತ್ತರವೂ ನನಗೆ ಕೊಡಬೇಕು. ಇದು ತಾನಾಗಿ ನಿಂತಾಗ ಯಾರಿಗೂ ಏನೂ ಕೊಡಬೇಕಾದ್ದಿಲ್ಲ. ಅರ್ಧಕ್ಕೆ ನಿಂತ ಮಾತನ್ನು ಮುಗಿಸುವುದಷ್ಟೇ. ಮೂವತ್ತಮೂರು ವರ್ಷ ಕಡಿದುಹೋದ ಕರೆಗಳನ್ನು ಮತ್ತೆ ಜೋಡಿಸಿದ ಕೈ ಅವಳದು.

ಮೂವತ್ನಾಲ್ಕು ವರ್ಷ ಪ್ರಶ್ನೆ ಕೇಳಿ ಮುಖ ನೋಡಿದವಳು ನಾನು. ಉತ್ತರ ಗೊತ್ತಿದ್ದೂ ನನ್ನ ಮುಖ ಕಂಡು ನುಂಗಿಕೊಂಡ ಮಕ್ಕಳೆಷ್ಟಿದ್ದರೋ. ಈಗ ಯೋಚಿಸಿ ಪ್ರಯೋಜನವಿಲ್ಲ. ಯೋಚನೆ ಬಂತು, ಬರೆದೆ.

ಅಂಕಪಟ್ಟಿಯಲ್ಲಿ ‘ಅಡಚಣೆ ಇಲ್ಲದಿರುವುದು’ ಎಂಬ ಕಲಮಿನ ಮುಂದೆ ಪ್ರಶ್ನಾರ್ಥಕ ಹಾಕಿದೆ. ಪೆನ್ಸಿಲಿನಲ್ಲಿ.


ಜುಲೈ 3, ಬುಧವಾರ

ಚಿಕಿತ್ಸೆಯಾಕೆಗೆ ಎಲ್ಲ ಹೇಳಿದೆ. ಆಕೆ ಬರೆದುಕೊಂಡಳು. ಉಪಾಧ್ಯಾಯಿನಿಯ ಮಾತನ್ನು ವೈದ್ಯರು ಬರೆದುಕೊಳ್ಳುವುದು ದಿನನಿತ್ಯ ಆಗುವಂಥದ್ದಲ್ಲ.

‘ತುಂಬ ಒಳ್ಳೇದು. ಆದ್ರೆ ಮಿಸ್, ಇವೆಲ್ಲ ನೂರು ಸಲ ಕೇಳಿರೋ ಮಾತು. ಬಾಯಿಗೆ ತಾನಾಗಿ ಬರುತ್ತೆ. ಪರೀಕ್ಷೆಗೆ ಬೇಕಾಗಿರೋದು ಅವರದೇ ಮಾತು.’

‘ಇದು ದಾರಿಯಲ್ಲವೇ?’

‘ದಾರಿನೇ. ಕೊನೆ ಮುಟ್ಟಿಲ್ಲ ಅಷ್ಟೆ. ನಿಲ್ಲಿಸ್ಬೇಡಿ. ಅಂದ್ರೆ… ನಿಲ್ತಾ ಇರ್ಲಿ.’

ಇನ್ನು ನಾಲ್ಕು ವಾರ.


ಜುಲೈ 6, ಶನಿವಾರ. ಬೆಳಿಗ್ಗೆ 9.45

ತಂತಿ ಕಂಪನಿಯ ಮನುಷ್ಯ ಬಂದಿದ್ದ. ನಡುವಯಸ್ಸು, ಹೆಗಲಿಗೆ ಏಣಿ, ಬಾಯಿಗೆ ಬಿಡುವಿಲ್ಲ.

‘ನೀವೇನಾ ಮೇಡಂ ಆ ಪತ್ರ ಬರೆದಿದ್ದು? ಆಫೀಸಲ್ಲಿ ಗೋಡೆಗೆ ಅಂಟಿಸಿದ್ದಾರೆ. ನಮ್ ಸಾಹೇಬ್ರು ಎರಡು ಸಲ ಓದಿದ್ರು, ಅರ್ಥ ಆಗ್ಲಿ ಅಂತ. “ಸದರಿ ಅಡಚಣೆಯನ್ನು ತುರ್ತಾಗಿ ನಿವಾರಿಸತಕ್ಕದ್ದು.” ನಂಗೆ ಬಾಯಿಪಾಠ ಆಗೋಗಿದೆ.’

ದೂರು ಕೊಟ್ಟದ್ದನ್ನೇ ಮರೆತೇಬಿಟ್ಟಿದ್ದೆ.

‘ಈಗ ನಿವಾರಿಸುವುದು ಬೇಡ.’

‘ಏನಂದ್ರಿ?’

‘ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ಬೇಕಾದರೆ ಬರೆದುಕೊಡುತ್ತೇನೆ.’

ಆತ ತಂಗಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ‘ಮೇಡಂ, ಇಪ್ಪತ್ತು ವರ್ಷದಿಂದ ಕಂಬ ಹತ್ತುತಾ ಇದ್ದೀನಿ. ಸರಿ ಮಾಡಿ ಅಂತ ಬೈದೋರು ಸಾವಿರ ಜನ. ಕೆಟ್ಟಿದ್ದು ಹಾಗೇ ಇರ್ಲಿ ಅಂದೋರು ನೀವೊಬ್ರೇ. ಆದ್ರೆ ತಡವಾಯ್ತು. ಬೀದಿ ಪೆಟ್ಟಿಗೇಲೇ ಜಾಯಿಂಟ್ ಕೆಟ್ಟಿತ್ತು, ಬರೋವಾಗ್ಲೇ ಬದಲಾಯಿಸ್ಬಿಟ್ಟೆ. ಇಡೀ ಕಟ್ಟಡಕ್ಕೆ ಸರಿಹೋಯ್ತು. ನಿಮ್ ಪತ್ರದಿಂದ್ಲೇ.’

ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು ನನಗೆ ಧನ್ಯವಾದ ಹೇಳಿ ಹೋದರು.


ಜುಲೈ 8, ಸೋಮವಾರ

ಮೂರು ದಿನವಾಯಿತು. ಡಿ ವಿಭಾಗ ನೀರು ಹರಿದಂತೆ ಹರಿಯುತ್ತಿದೆ. ಒಮ್ಮೆಯೂ ನಿಂತಿಲ್ಲ.

ತಂಗಿಯೂ ಒಂದು ಮಾತಾಡಿಲ್ಲ. ಚಿತ್ರ ಮುಗಿದ ಮೇಲೆ ನನ್ನ ಕಡೆ ನೋಡಿದಳು, ಏನೋ ಬಾಕಿ ಉಳಿದವಳಂತೆ.

ರಿಮೋಟಿನಿಂದ ನಿಲ್ಲಿಸಿ ನೋಡಿದೆ, ಪತ್ರಿಕೆಯ ಮರೆಯಲ್ಲಿ. ನಾನು ನಿಲ್ಲಿಸಿದರೆ ಪರದೆಯ ಮೇಲೆ ಎರಡು ಗೆರೆ ಬರುತ್ತದೆ. ತಾನಾಗಿ ನಿಂತರೆ ಚಕ್ರ. ಎರಡು ಗೆರೆ ಕಂಡದ್ದೇ ತಂಗಿ ನನ್ನ ಕೈ ಹುಡುಕಿದಳು. ಪತ್ರಿಕೆಯ ಅಂಚಿನಲ್ಲಿ ರಿಮೋಟಿನ ಮೂತಿ ಕಾಣುತ್ತಿತ್ತು. ಮುಖ ತಿರುಗಿಸಿದಳು.

ಚಕ್ರ ಬೇಕು.


ಜುಲೈ 9, ಮಂಗಳವಾರ. ಸಂಜೆ 4

ಇಂಟರ್ನೆಟ್ ಪೆಟ್ಟಿಗೆ ನನ್ನ ಕುರ್ಚಿಯ ಹಿಂದೆ, ನೆಲದಿಂದ ಒಂದು ಗೇಣು ಎತ್ತರದಲ್ಲಿದೆ. ಅದರ ಸ್ವಿಚ್ಚು ಇನ್ನೂ ಕೆಳಗೆ. ಚಪ್ಪಲಿ ಕಳಚಿ ಕಾಲನ್ನು ಹಿಂದಕ್ಕೆ ಚಾಚಿದರೆ ಹೆಬ್ಬೆರಳಿಗೆ ಎಟುಕುತ್ತದೆ. ಕೈಯಲ್ಲಿ ಪತ್ರಿಕೆ, ಮುಖದಲ್ಲಿ ಗಾಂಭೀರ್ಯ, ಕಾಲಿನಲ್ಲಿ ಕಳ್ಳತನ. ನನ್ನ ಶಾಲೆಯ ಯಾವ ಹುಡುಗಿಯಾದರೂ ಹೀಗೆ ಮಾಡಿ ಸಿಕ್ಕಿಬಿದ್ದಿದ್ದರೆ ಅವಳ ಪೋಷಕರನ್ನು ಕರೆಸುತ್ತಿದ್ದೆ.

ಒತ್ತಿದೆ. ತಕ್ಷಣ ನಿಲ್ಲಲಿಲ್ಲ. ಆರೋ ಏಳೋ ಸೆಕೆಂಡು ಚಿತ್ರ ಓಡಿತು, ಆಮೇಲೆ ಚಕ್ರ. ಯಾವ ಮಾತಿನಲ್ಲಿ ನಿಲ್ಲುತ್ತದೆಂದು ನನಗೂ ಗೊತ್ತಿರುವುದಿಲ್ಲ. ದೋಣಿ ನಡೆಸುವವನು ‘ಆಚೆ ದಡದಲ್ಲಿ ನನಗೆ…’ ಎಂದಲ್ಲಿಗೆ ನಿಂತಿತು. ನನಗೆ ನಿಜಕ್ಕೂ ಏನೆಂದು ತಿಳಿಯಬೇಕಿತ್ತು. ನಾನೂ ಪರದೆಯನ್ನೇ ನೋಡುತ್ತಿದ್ದೆ.

‘ಯಾರೂ ಇಲ್ಲ’ ಎಂದಳು ತಂಗಿ.

ಪೆಟ್ಟಿಗೆಯ ದೀಪ ಮತ್ತೆ ಹಸಿರಾಗಲು ಎರಡು ನಿಮಿಷ ಹಿಡಿಯಿತು. ದೋಣಿಯವನೂ ಅದನ್ನೇ ಹೇಳಿದ.

ಸುಳ್ಳು ಹೇಳಿಲ್ಲ ನಾನು. ಏನೂ ಹೇಳೇ ಇಲ್ಲ. ಆದರೂ ರಾತ್ರಿಯ ಊಟ ಸರಿಯಾಗಿ ಸೇರದೆಂದು ಈಗಲೇ ಅನ್ನಿಸುತ್ತಿದೆ.


ಜುಲೈ 17, ಬುಧವಾರ

ದಿನಕ್ಕೆ ಮೂರು ಸಲ. ಅದಕ್ಕಿಂತ ಹೆಚ್ಚಾದರೆ ಅನುಮಾನ ಬರುತ್ತದೆ. ಇಂದಿಗೆ ಒಟ್ಟು ಹದಿನಾಲ್ಕು ಮಾತು ತುಂಬಿದಳು. ಎಲ್ಲವೂ ಸಿನಿಮಾದವು.

ಆಸ್ಪತ್ರೆಯಲ್ಲಿ ಚಿತ್ರ ತೋರಿಸಿದಾಗ ಮಾತ್ರ ಮತ್ತೆ ‘ಅದೇ’. ಕೊಡೆಗೆ ‘ಅದೇ’, ಚಮಚಕ್ಕೆ ‘ಅದೇ’. ಬರುವಾಗ ಬಸ್ಸಿನಲ್ಲಿ ನನ್ನ ತೋಳಿಗೆ ತಲೆ ಒರಗಿಸಿ ಕುಳಿತಳು. ಕಣ್ಣು ಒದ್ದೆಯಾಗಿತ್ತು. ನಾನು ಏನನ್ನೂ ತಿದ್ದಲು ಹೋಗಲಿಲ್ಲ. ಇಳಿಯುವ ಸ್ಥಳ ದಾಟಿ ಒಂದು ನಿಲ್ದಾಣ ಮುಂದೆ ಹೋದೆವು.


ಜುಲೈ 24, ಬುಧವಾರ. ಸಂಜೆ

ಸಣ್ಣದೊಂದು ಸಂಗತಿ. ಸಣ್ಣದೋ ದೊಡ್ಡದೋ ತಿಳಿಯದು.

ಹಳೆಯ ಚಿತ್ರವೊಂದರ ನಾಯಕ ರೈಲಿನ ಬಾಗಿಲಲ್ಲಿ ನಿಂತು ಹುಡುಗಿಗೆ ಹೇಳುತ್ತಾನೆ: ‘ಮುಂದಿನ ತಿಂಗಳು ಖಂಡಿತ…’ ಚಕ್ರ.

‘ಬರಲ್ಲ’ ಎಂದಳು ತಂಗಿ.

ಹಸಿರು ದೀಪ ಬಂದ ಮೇಲೆ ನಾಯಕ ಹೇಳಿದ್ದು: ‘ಬರ್ತೀನಿ.’

ತಪ್ಪು ಉತ್ತರ. ಮೂವತ್ನಾಲ್ಕು ವರ್ಷದ ಅಭ್ಯಾಸದಲ್ಲಿ ನನ್ನ ನಾಲಿಗೆ ತುದಿಗೆ ತಿದ್ದುಪಡಿ ಬಂದಿತ್ತು. ನುಂಗಿಕೊಂಡೆ. ಅರ್ಧ ಗಂಟೆಯ ನಂತರ ಚಿತ್ರದಲ್ಲಿ ಆ ನಾಯಕ ನಿಜಕ್ಕೂ ಬರಲಿಲ್ಲ. ತಂಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅದು ಸಿನಿಮಾದ ಮಾತಲ್ಲ. ಅವಳದು. ಒಂದು ಪದ. ಚಿಕಿತ್ಸೆಯಾಕೆಗೆ ಫೋನಿನಲ್ಲಿ ಹೇಳಿದೆ. ‘ಹತ್ರ ಬಂದ್ರು ಮಿಸ್. ಆದ್ರೆ ವಾಕ್ಯ ಬೇಕು’ ಎಂದಳು. ನಾನೂ ಮಕ್ಕಳಿಗೆ ಹಾಗೆಯೇ ಹೇಳುತ್ತಿದ್ದೆ. ಎಷ್ಟು ಕಠಿಣವಾದ ಮಾತು.


ಜುಲೈ 28, ಭಾನುವಾರ. ಬೆಳಿಗ್ಗೆ 11.15

ಕಾಲಿಗೆ ಸೆಳೆತ. ನಿನ್ನೆ ಹೆಬ್ಬೆರಳು ಸ್ವಿಚ್ಚಿನ ಮೇಲಿದ್ದಾಗಲೇ ಹಿಡಿದುಕೊಂಡಿತು. ಪತ್ರಿಕೆಯ ಹಿಂದೆ ಹಲ್ಲು ಕಚ್ಚಿ ಕುಳಿತೆ.

ತಂಗಿಯ ಮಗಳು ಇಂದು ಕಸ ಗುಡಿಸಲು ಬಗ್ಗಿದಾಗ ಕಂಡುಹಿಡಿದುಬಿಟ್ಟಳು. ಅಡಿಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು.

‘ದೊಡ್ಡಮ್ಮ, ಆ ಸ್ವಿಚ್ ಆರಿಸ್ತಾ ಇರೋದು ನೀವಾ?’

‘ಹೌದು.’

‘ಕಾಲಲ್ಲಿ?’

‘ಕೈಯಲ್ಲಿ ಪತ್ರಿಕೆ ಇರುತ್ತದೆ.’

ಅವಳು ಗೋಡೆಗೆ ಒರಗಿ, ಸದ್ದಾಗದಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರಳಾದಳು. ‘ಅಮ್ಮಂಗೆ ಗೊತ್ತಾದ್ರೆ? ಅವ್ಳಿಗೆ ಮೋಸ ಅಂದ್ರೆ ಆಗಲ್ಲ. ಅವತ್ತು ರಿಮೋಟ್ ತಳ್ಳಿದ್ದು ಮರೆತ್ರಾ?’

ಮರೆತಿಲ್ಲ. ಅದೇ ನನ್ನ ಭಯ. ಗೊತ್ತಾದ ದಿನ ಮತ್ತೆ ಅವಳು ಕಿಟಕಿ, ನಾನು ಮೇಜು. ಬಂದಿದ್ದ ಅಷ್ಟೂ ಮಾತು ಹಿಂದಕ್ಕೆ.

‘ಬುಧವಾರದವರೆಗೆ’ ಎಂದೆ. ‘ಬುಧವಾರ ಪರೀಕ್ಷೆ. ಆಮೇಲೆ ನಾನೇ ಹೇಳಿ ಕ್ಷಮೆ ಕೇಳುತ್ತೇನೆ.’

‘ಸರಿ. ಈಗ ಹೇಳಿ, ಯಾವುದನ್ನ ಉಳಿಸ್ಕೊಳ್ಳೋಣ? ತಿಂಗಳ ಕೊನೆ ಬಂತು. ಸಿ ತಾನೆ? ಎಂಬತ್ತೊಂದು ಮಾರ್ಕ್ಸು.’

‘ಡಿ.’

‘ಫೇಲಾಗಿರೋದು?’

‘ಉತ್ತರಪತ್ರಿಕೆ ಸರಿಯಾಗಿಯೇ ಇತ್ತು. ಪ್ರಶ್ನೆಪತ್ರಿಕೆ ತಪ್ಪಿತ್ತು’ ಎಂದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ಕನ್ನಡಕ ಸರಿಹೊಂದಿತೇ ಎಂದು ಗಿರಾಕಿಯನ್ನು ನೋಡುವ ಹಾಗೆ. ಆಮೇಲೆ ಎ, ಬಿ, ಸಿ ಮೂರನ್ನೂ ತೆಗೆದುಹಾಕಿದಳು.


ಜುಲೈ 30, ಮಂಗಳವಾರ. ಸಂಜೆ 4.40

ನಾಳೆ ಪರೀಕ್ಷೆ. ಮಧ್ಯಾಹ್ನ ಮೂರಕ್ಕೆ ಕುಳಿತೆವು. ಬೇರೆ ಯಾವ ಅಭ್ಯಾಸವನ್ನೂ ಮಾಡಿಸಲಿಲ್ಲ. ಪರೀಕ್ಷೆಯ ಹಿಂದಿನ ದಿನ ಹೊಸ ಪಾಠ ಮಾಡಬಾರದು.

ಬೆಟ್ಟದ ಮೇಲಿನ ಅಂಚೆಯವನ ಕತೆ. ತಂಗಿ ಇದನ್ನು ನೋಡಿಲ್ಲವೆಂದು ಕಾಣುತ್ತದೆ, ಮೊದಲಿನಿಂದ ಮುಂದಕ್ಕೆ ಬಾಗಿ ಕುಳಿತಿದ್ದಳು. ನೋಡಿರದ ಚಿತ್ರ ಏಕೆ ಹಾಕಿದಳೋ. ತುಂಬಲು ಮಾತೇ ಇರುವುದಿಲ್ಲವಲ್ಲ ಎಂದು ನನಗೆ ಕಳವಳ. ಅಂಚೆಯವನು ಇಪ್ಪತ್ತು ವರ್ಷ ಹಳೆಯ ಕಾಗದವೊಂದನ್ನು ಮುದುಕನಿಗೆ ತಂದುಕೊಟ್ಟ. ಮುದುಕ ಒಡೆದ, ಓದಿದ, ತಲೆ ಎತ್ತಿದ. ಅಷ್ಟರಲ್ಲಿ ನಾನು ಹೆಬ್ಬೆರಳು ಒತ್ತಿಯಾಗಿತ್ತು. ಮುದುಕ ಬಾಯಿ ತೆರೆದ. ಚಕ್ರ.

ಪತ್ರಿಕೆ ಎತ್ತಿ ಹಿಡಿದುಕೊಂಡೆ. ಗೋಡೆ ಗಡಿಯಾರದ ಸದ್ದು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

‘ಅಕ್ಕ.’

ಎಂಟು ತಿಂಗಳ ಮೇಲೆ ಕೇಳಿದೆ ಆ ಪದವನ್ನು. ಪತ್ರಿಕೆ ಇಳಿಸಲು ಧೈರ್ಯವಾಗಲಿಲ್ಲ.

‘ಅಕ್ಕ. ಕಾಲು… ಕಾಲು ತೆಗಿ. ಅವ್ನು ಏನಂದ… ಕೇಳ್ಬೇಕು ನಂಗೆ.’

ಪರದೆಯಿಂದ ಕಣ್ಣು ಕಿತ್ತಿರಲಿಲ್ಲ ಅವಳು. ಗಿರಾಕಿಯ ಕರೆ ಕಡಿದುಹೋದಾಗ ಎಕ್ಸ್‌ಚೇಂಜಿನ ಹಲಗೆಯ ಮುಂದೆ ಕುಳಿತವಳಿಗೆ ಬರುವಂಥ ಬೇಸರದ ದನಿ. ಅದರಲ್ಲಿ ಸಿನಿಮಾದ ಒಂದಕ್ಷರವೂ ಇರಲಿಲ್ಲ.

ಕಾಲು ತೆಗೆಯಲಾಗಲಿಲ್ಲ ನನ್ನಿಂದ. ಮರಗಟ್ಟಿ ಹೋಗಿತ್ತು. ಕೈಯಿಂದ ಎತ್ತಿ ಈಚೆಗಿಟ್ಟುಕೊಂಡೆ. ‘ನಿನಗೆ ಯಾವಾಗಿನಿಂದ ಗೊತ್ತು?’ ಎಂದೆ.

ಅವಳು ಬಹಳ ಹೊತ್ತು ಹುಡುಕಿದಳು. ನಾನು ಸಹಾಯ ಮಾಡಲಿಲ್ಲ. ಕೆಳಗೆ ನೋಡಿಕೊಂಡು ಕುಳಿತೆ.

‘ದೋಣಿ… ದೋಣಿ ದಿನ.’

ಮೊದಲ ದಿನವೇ. ಮೂರು ವಾರ ನನ್ನ ಕಾಲು ಎಲ್ಲಿದೆಯೆಂದು ಗೊತ್ತಿದ್ದೂ ಕುಳಿತಿದ್ದಳು. ನಾನು ಕ್ಷಮಿಸು ಎಂದೆ. ಅವಳು ಕೈಬೀಸಿ ಟೀವಿ ತೋರಿಸಿದಳು. ಸ್ವಿಚ್ಚು ಒತ್ತು ಎಂದು.

ಒತ್ತಿ, ಎರಡು ನಿಮಿಷ ಸಿಗುತ್ತದೆಂದು ಇಲ್ಲಿ ಬಂದು ಬರೆಯುತ್ತಿದ್ದೇನೆ. ನಾಳೆ ಆಸ್ಪತ್ರೆಯಲ್ಲಿ ಅವಳು ಬಾಯಿ ಬಿಡದೆ ಹೋದರೂ ಇದು ದಾಖಲೆಯಲ್ಲಿರಲಿ, ದಿನಾಂಕ, ವೇಳೆ ಸಹಿತ. ಚಿಕಿತ್ಸೆಯಾಕೆಗೆ ಈ ಪುಟವನ್ನೇ ತೋರಿಸುತ್ತೇನೆ. ಹಸಿರು ದೀಪ ಬಂತೆಂದು ಕಾಣುತ್ತದೆ, ಮುದುಕನ ದನಿ ಕೇಳಿಸುತ್ತಿದೆ. ಇಲ್ಲ, ಅದು ಮುದುಕನದಲ್ಲ, ಅವಳದು. ನನ್ನನ್ನೇ ಕರೆಯುತ್ತಿದ್ದಾಳೆ, ಕರೆದು ಏನೋ ಹೇಳುತ್ತಲೂ ಇದ್ದಾಳೆ, ಉದ್ದವಾಗಿ, ತಡೆದು ತಡೆದು. ಕೇಳಿಸಿಕೊಂಡು ಬಂದು ಬರೆ…